ಷರಾ

ಚುನಾವಣೆ ಬಂದರೆ ನಮ್ಮ ಠಾಣೆಗೆ
ಕೋವಿಗಳು ಬರುತ್ತವೆ, ತವರಿಗೆ ಬಂದ ಹಾಗೆ.
ಒಂಟಿನಳಿಗೆ, ಜೋಡಿನಳಿಗೆ, ಅಜ್ಜನ ಕಾಲದ ಕೇಪಿನ ಕೋವಿ,
ಹಂದಿ ಹೊಡೆದದ್ದು, ಹಂದಿ ತಪ್ಪಿ ನಾಯಿ ಹೊಡೆದದ್ದು,
ತುಕ್ಕು ಹಿಡಿದು ಯಾರನ್ನೂ ಹೊಡೆಯದೆ ಉಳಿದದ್ದು.
ಕೊರಳಿಗೆ ಚೀಟಿ ಕಟ್ಟಿ, ಅರಗು ಒತ್ತಿ,
ಗೋಡೆಗೆ ಸಾಲಾಗಿ ಒರಗಿಸಿ
ರಿಜಿಸ್ಟರಿನಲ್ಲಿ ಬರೆಯುವವಳು ನಾನು.
ಹದಿಮೂರು ವರ್ಷದಿಂದ ಇದೇ ದುಂಡಕ್ಷರ.

ಆವತ್ತು ಊಟದ ಹೊತ್ತಿಗೆ ಆರೋಗ್ಯಸ್ವಾಮಿ ಬಂದರು,
ಭದ್ರಾವತಿಯ ಕಾರ್ಖಾನೆಯಲ್ಲಿ
ಮೂವತ್ತೊಂದು ವರ್ಷ ಟರ್ನರ್.
ಚೀಲದಿಂದ ಟವೆಲ್ಲು, ಟವೆಲ್ಲಿನಿಂದ
ಕಪ್ಪು ಪಿಸ್ತೂಲು ತೆಗೆದು ಮೇಜಿನ ಮೇಲಿಟ್ಟರು.
ಪಹರೆಯ ಹುಡುಗ ರೈಫಲ್ಲು ಎತ್ತಿಯೇ ಬಿಟ್ಟ.
ಅದರಲ್ಲಿ ಗುಂಡಿಲ್ಲವೆಂದು ನನಗೆ ಗೊತ್ತು, ಅವನಿಗೆ ಗೊತ್ತು,
ಮುದುಕರಿಗೂ ಗೊತ್ತಿದ್ದಿರಬೇಕು, ನಕ್ಕರು.
"ಗಾಳಿದು ಮ್ಯಾಡಮ್. ಬರೀ ಗಾಳಿ."

ಬರೀ ಗಾಳಿ ಎಂದು ಎತ್ತಿಕೊಂಡರೆ
ನನ್ನ ಮಣಿಕಟ್ಟು ನಂಬಲಿಲ್ಲ.
ಅದೇ ತೂಕ. ಅದೇ ತಣ್ಣನೆಯ ಬೆನ್ನು.
ಹಿಡಿಯ ಮೇಲೆ ನಕ್ಷತ್ರ, ಪಕ್ಕೆಯಲ್ಲಿ
ತ್ರಿಕೋನದೊಳಗೊಂದು ಬಾಣ,
ಕನ್ನಡಿಯಲ್ಲಿ ಕಂಡಂಥ ರಷ್ಯದ ಅಕ್ಷರ.
ಸೈನ್ಯದ ಪಿಸ್ತೂಲಿನದೇ ಅಚ್ಚು, ಅದೇ ಉಕ್ಕು;
ಗಂಟಲು ಮಾತ್ರ ನಾಲ್ಕೂವರೆ ಮಿಲಿಮೀಟರಿಗೆ ಕಿರಿದು ಮಾಡಿ
ಹಿಡಿಯೊಳಗೆ ಸೋಡಾ ಗ್ಯಾಸಿನ ಪುಟ್ಟ ಬುಡ್ಡಿ ಕೂರಿಸಿದ್ದಾರೆ.
ಹುಲಿಯ ಚರ್ಮ, ಹುಲಿಯ ಮೂಳೆ, ಹುಲಿಯ ಉಗುರು,
ಉಸಿರು ಬೆಕ್ಕಿನದು.

"ಇದಕ್ಕೆ ಲೈಸೆನ್ಸೂ ಬೇಡ, ಠೇವಣಿಯೂ ಬೇಡ.
ಮನೆಗೆ ತಗೊಂಡು ಹೋಗಿ."
ಹೋಗಲಿಲ್ಲ. ಕುರ್ಚಿ ಎಳೆದು ಕೂತರು.

ಶಿವಮೊಗ್ಗದಲ್ಲೊಬ್ಬ ಹಲ್ಲಿನ ಡಾಕ್ಟರು, ಇಂಥವುಗಳ ಹುಚ್ಚು,
ಗಾಜಿನ ಕಪಾಟು, ಒಳಗೆ ದೀಪ.
ಗ್ಯಾಸು ಸೋರುತ್ತದೆ, ನೋಡು ಎಂದು ಕೊಟ್ಟಿದ್ದರಂತೆ.
ಸವೆದ ವಾಲ್ವು ಈ ದೇಶದಲ್ಲಿ ಸಿಗದು.
ಕಾರ್ಖಾನೆ ಆಗಲೇ ಆರುತ್ತಿತ್ತು,
ಲೇತಿನ ಎಣ್ಣೆಯ ಮೇಲೆ ಧೂಳು ಕೆನೆಗಟ್ಟಿತ್ತು.
ಹಿತ್ತಾಳೆ ಸರಳಿನ ತುಂಡು ಕಚ್ಚಿಸಿ
ಮೂರು ದಿನ ಕಡೆದರಂತೆ, ಅರ್ಧ ಕೂದಲಿನ ಲೆಕ್ಕದಲ್ಲಿ.
ಎರಡು ಕೆಟ್ಟವು.
ಮೂರನೆಯದು ಕೂತಿತು. ಸೋರುವುದು ನಿಂತಿತು.
ಬಸ್ಸಿನಲ್ಲಿ ಒಯ್ದು ಕೊಟ್ಟರೆ
ಡಾಕ್ಟರು ಬಿಚ್ಚಿ ನೋಡಿ, ದೀಪಕ್ಕೆ ಹಿಡಿದು ನೋಡಿ,
"ಒರಿಜಿನಲ್ ಹೋಯಿತಲ್ಲ ಮಾರಾಯ!
ಇನ್ನು ಇದಕ್ಕೆ ಬೆಲೆ ಇಲ್ಲ, ನೀನೇ ಇಟ್ಟುಕೋ."

ನಕಲಿನ ಹೊಟ್ಟೆಯಲ್ಲಿ ಅಸಲು ಹುಡುಕುವವರು!
ನಗು ಬಂತು ನನಗೆ. ಅವರು ನಗಲಿಲ್ಲ.

"ಅದು ಹುಟ್ಟಿದ್ದೂ ಉಕ್ಕಿನ ಊರೇ ಅಂತೆ, ನಮ್ಮ ಹಾಗೆ.
ಈ ಕೈಯಿಂದ ಎಷ್ಟು ಸಾವಿರ ಬುಶ್ಶು, ಎಷ್ಟು ಪಿನ್ನು ಹೋದವೋ,
ಯಾವ ರೈಲಿನ ಅಡಿಯಲ್ಲಿವೆಯೋ, ಯಾವ ಗುಜರಿಯಲ್ಲೋ.
ಎಲ್ಲಿದೆ ಅಂತ ನನಗೆ ಗೊತ್ತಿರುವುದು ಇದೊಂದೇ ಮ್ಯಾಡಮ್.
ಒಂದು ಸಾಲು ಬರೀರಿ.
ಸರ್ಕಾರಿ ಪುಸ್ತಕ ಅಲ್ಲವಾ."

ಸಾಹೇಬರು ಬಂದೋಬಸ್ತಿಗೆ ಹೋಗಿದ್ದರು.
ಡಬ್ಬಿಯ ಅನ್ನ ಆರುತ್ತಿತ್ತು.
ಕ್ರಮಸಂಖ್ಯೆ ನಲವತ್ತೇಳು. ಬಗೆ: ಗಾಳಿ ಪಿಸ್ತೂಲು.
ಲೈಸೆನ್ಸ್: ಇಲ್ಲ. ಗುಂಡು: ಇಲ್ಲ. ತಯಾರಿ: ರಷ್ಯ.
ಕೊನೆಗೆ ಷರಾ ಎಂಬ ಇಕ್ಕಟ್ಟಿನ ಕಾಲಮ್ಮಿನಲ್ಲಿ
ದುಂಡಕ್ಷರ ಸಣ್ಣದು ಮಾಡಿ:
ಒಳಗಿನ ವಾಲ್ವು ಭದ್ರಾವತಿ, ಆರೋಗ್ಯಸ್ವಾಮಿ, ಟರ್ನರ್.
ಓದಿ ಎಂದರು. ಓದಿದೆ.
ಇನ್ನೊಂದು ಸಲ ಎಂದರು.

ಎಣಿಕೆ ಮುಗಿದು ಯಾರೋ ಗೆದ್ದರು.
ಮೊದಲು ಬಂದವರು ಇವರೇ,
ರಸೀದಿ ಪಾಸ್‌ಬುಕ್ಕಿನೊಳಗೆ, ಮಡಿಕೆ ಬೀಳದ ಹಾಗೆ.
ಚೀಟಿ ಬಿಚ್ಚಹೋದೆ. "ಅದು ಇರಲಿ" ಎಂದು
ಕೊರಳ ದಾರ ಸಮೇತ ಟವೆಲ್ಲು ಸುತ್ತಿದರು.

ಮೊನ್ನೆ ತಪಾಸಣೆಗೆ ಬಂದ ಮೇಲಿನವರು
ನಲವತ್ತೇಳರ ಷರಾಕ್ಕೆ ಕೆಂಪು ಗೆರೆ ಎಳೆದು
ಅಂಚಿನಲ್ಲಿ ದೊಡ್ಡದೊಂದು ಪ್ರಶ್ನೆ ಹಾಕಿದ್ದಾರೆ.
ಏಳು ದಿನದೊಳಗೆ ವಿವರಣೆ ಕೊಡಬೇಕು.
ಇವತ್ತಿಗೆ ಐದು.
ಹೊಡೆದು ಹಾಕಿದರೆ ಮುಗಿಯುತ್ತದೆ, ಅಂದ ಪಹರೆಯ ಹುಡುಗ.
ಪೆನ್ನು ತೆಗೆದುಕೊಂಡು ನೋಡಿದೆ,
ಸಾಲು ಅಲ್ಲಾಡಲಿಲ್ಲ,
ಸರಿಯಾಗಿ ಕೂತಿತ್ತು.